ಎಣ್ಣೆಯೊಳಗೆ ನೀರು ಬಗೆಯ ಚರ್ಮದ ಕ್ರೀಮ್‌ಗಳ ತಯಾರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಣ್ಣ ಪ್ರಮಾಣದ ಕ್ರೀಮ್ ತಯಾರಿಕೆಗೆ ಕೈಹಾಕಿರುವ ಉದ್ಯಮಿಗಳು, ಸ್ವಸಹಾಯ ಸಂಘದ ಸದಸ್ಯರು ಹಾಗೂ ಫಾರ್ಮಸಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ನೀರಿನೊಳಗೆ ಎಣ್ಣೆ ಬಗೆಯ ಲೋಷನ್ ಮಾಡಿ ಅನುಭವವಿರುವವರು ಅದೇ ಲೆಕ್ಕವನ್ನು ತಿರುವಿ ಹಾಕಿದರೆ ಈ ಬಗೆಯೂ ಸಿದ್ಧಿಸುತ್ತದೆ ಎಂದು ಭಾವಿಸುವುದುಂಟು. ಬಹುಪಾಲು ತೊಂದರೆಗಳು ಆ ಭಾವನೆಯಿಂದಲೇ ಹುಟ್ಟುವುದರಿಂದ, ಎರಡೂ ಬಗೆಗಳ ನಿಯಮಗಳು ಎಲ್ಲೆಲ್ಲಿ ಬೇರೆಯಾಗುತ್ತವೆ ಎಂಬುದಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಎಣ್ಣೆಯೊಳಗೆ ನೀರು ಎಂದರೆ ನಿಖರವಾಗಿ ಏನು?

ಹಾಲಿನ ಕೆನೆಯಲ್ಲಿ ಕೊಬ್ಬಿನ ಹನಿಗಳು ನೀರಿನ ನಡುವೆ ತೇಲುತ್ತಿರುತ್ತವೆ. ಅದೇ ಕೆನೆಯನ್ನು ಕಡೆದು ಬೆಣ್ಣೆ ತೆಗೆದಾಗ ವ್ಯವಸ್ಥೆ ತಲೆಕೆಳಗಾಗಿ, ಸುಮಾರು ಶೇ. 16ರಷ್ಟು ನೀರು ಸೂಕ್ಷ್ಮ ಹನಿಗಳಾಗಿ ಕೊಬ್ಬಿನೊಳಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಕ್ರೀಮ್ ಎರಡನೆಯ ಬಗೆಗೆ ಸೇರಿದ್ದು. ವ್ಯತ್ಯಾಸವೆಂದರೆ, ಬೆಣ್ಣೆಯಲ್ಲಿ ನೀರು ಅಲ್ಪ. ಕ್ರೀಮಿನಲ್ಲಿ ಅದು ಶೇ. 60ರಿಂದ 75ರವರೆಗೂ ಇರಬಹುದು. ಒಟ್ಟು ತೂಕದಲ್ಲಿ ನೀರೇ ಹೆಚ್ಚಿದ್ದರೂ ಹೊರಗಿನ ಆವರಣ ಎಣ್ಣೆಯದೇ ಆಗಿರುತ್ತದೆ ಎಂಬುದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು, ಏಕೆಂದರೆ ಯಾವುದು ಹೊರಗಿರುತ್ತದೆ ಎಂಬುದನ್ನು ನಿರ್ಧರಿಸುವುದು ಪ್ರಮಾಣಕ್ಕಿಂತ ಹೆಚ್ಚಾಗಿ ಎಮಲ್ಸಿಫೈಯರ್, ಅಂದರೆ ಎಣ್ಣೆ-ನೀರು ಬೇರ್ಪಡದಂತೆ ಹಿಡಿದಿಡುವ ವಸ್ತು. ಎಮಲ್ಸಿಫೈಯರ್ ಯಾವುದರಲ್ಲಿ ಚೆನ್ನಾಗಿ ಕರಗುತ್ತದೆಯೋ ಅದು ಹೊರಗಿನ ಆವರಣವಾಗುತ್ತದೆ. ಇದನ್ನು ಬ್ಯಾಂಕ್ರಾಫ್ಟ್ ನಿಯಮ ಎನ್ನುತ್ತಾರೆ.

ನಮ್ಮ ಕಡೆ ಇಂಥ ಕ್ರೀಮ್ ಯಾರಿಗೆ ಬೇಕು? ಮುಖಕ್ಕೆ ಹಚ್ಚಿದರೆ ಜಿಡ್ಡಾಗುವುದಿಲ್ಲವೇ?

ಮುಖಕ್ಕೆ, ಅದರಲ್ಲೂ ಏಪ್ರಿಲ್ ತಿಂಗಳ ಪಾವಗಡದ ಬಿಸಿಲಿನಲ್ಲಿ ಓಡಾಡುವವರ ಮುಖಕ್ಕೆ, ಈ ಬಗೆಯನ್ನು ನಾವು ಶಿಫಾರಸು ಮಾಡುವುದಿಲ್ಲ. ಇದರ ನಿಜವಾದ ಬಳಕೆದಾರರು ಬೇರೆಯವರು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಬಿಸಿನೀರಿನ ಬೇಸಿನ್‌ನೊಳಗೆ ಗಂಟೆಗಟ್ಟಲೆ ಕೈಯಿಟ್ಟು ಗೂಡಿನ ಎಳೆ ಹಿಡಿಯುವವರ ಬೆರಳುಗಳು ನೆನೆದು, ಒಡೆದು, ಉರಿಯುತ್ತಿರುತ್ತವೆ. ನೀರಿನೊಳಗೆ ಎಣ್ಣೆ ಬಗೆಯ ಲೋಷನ್ ಅಲ್ಲಿ ಕೆಲಸದ ಆರಂಭದಲ್ಲಿಯೇ ತೊಳೆದು ಹೋಗುತ್ತದೆ. ಹೊರಗೆ ಎಣ್ಣೆಯ ಪದರವಿರುವ ಕ್ರೀಮ್ ಅಷ್ಟು ಸುಲಭವಾಗಿ ತೊಳೆದು ಹೋಗುವುದಿಲ್ಲ. ಹೈನುಗಾರಿಕೆಯಲ್ಲಿ ದಿನಕ್ಕೆರಡು ಬಾರಿ ಕೆಚ್ಚಲು, ಕ್ಯಾನು ತೊಳೆಯುವವರು, ಟೊಮೆಟೊ ತೋಟದ ಕೂಲಿಕಾರರು, ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹಿಮ್ಮಡಿ ಒಡಕಿನಿಂದ ಬಳಲುವ ಹಿರಿಯರು, ಮಕ್ಕಳ ಡೈಪರ್ ಜಾಗಕ್ಕೆ ಜಿಂಕ್ ಆಕ್ಸೈಡ್ ಕ್ರೀಮ್ ಬೇಕಾದವರು, ಇವರೆಲ್ಲರಿಗೂ ಇದೇ ಸರಿಯಾದ ಬಗೆ. ಚರ್ಮದ ಮೂಲಕ ಆವಿಯಾಗಿ ಹೋಗುವ ನೀರನ್ನು ಎಣ್ಣೆಯ ಪದರ ತಡೆಯುವುದೇ ಇದರ ಗುಣ, ಜಿಡ್ಡೆನಿಸುವುದಕ್ಕೂ ಅದೇ ಕಾರಣ. ಒಂದನ್ನು ಪೂರ್ತಿ ಬಿಟ್ಟು ಇನ್ನೊಂದನ್ನು ಪಡೆಯಲಾಗುವುದಿಲ್ಲ. ಆದರೆ ಈಗಾಗಲೇ ಕೀವು, ತುರಿಕೆ ಅಥವಾ ಶಿಲೀಂಧ್ರದ ಸೋಂಕು ಇರುವ ಕೈಗೆ ಕ್ರೀಮ್ ಔಷಧವಲ್ಲ. ಅಂಥವರನ್ನು ಚರ್ಮವೈದ್ಯರ ಬಳಿ ಕಳಿಸಬೇಕು.

ಎಮಲ್ಸಿಫೈಯರ್ ಆಯ್ಕೆ ಹೇಗೆ? ಎಚ್‌ಎಲ್‌ಬಿ ಲೆಕ್ಕ ಸಾಕೇ?

1949ರಲ್ಲಿ ಗ್ರಿಫಿನ್ ಪರಿಚಯಿಸಿದ ಎಚ್‌ಎಲ್‌ಬಿ ಸಂಖ್ಯೆಯು, ಎಮಲ್ಸಿಫೈಯರ್‌ಗೆ ನೀರಿನ ಕಡೆ ಒಲವು ಹೆಚ್ಚೋ ಎಣ್ಣೆಯ ಕಡೆ ಹೆಚ್ಚೋ ಎಂಬುದನ್ನು ಸೂಚಿಸುತ್ತದೆ. ಸ್ಥೂಲವಾಗಿ 3ರಿಂದ 6ರವರೆಗಿನ ಸಂಖ್ಯೆಯವು ಎಣ್ಣೆಯೊಳಗೆ ನೀರು ಬಗೆಗೂ, 8ಕ್ಕಿಂತ ಮೇಲಿನವು ನೀರಿನೊಳಗೆ ಎಣ್ಣೆ ಬಗೆಗೂ ಹೊಂದುತ್ತವೆ. ಸೋರ್ಬಿಟಾನ್ ಓಲಿಯೇಟ್‌ನ ಸಂಖ್ಯೆ 4.3, ಪಾಲಿಸೋರ್ಬೇಟ್ 80ರ ಸಂಖ್ಯೆ 15. ಮೊದಲನೆಯದನ್ನು 95 ಭಾಗ, ಎರಡನೆಯದನ್ನು 5 ಭಾಗ ಬೆರೆಸಿದರೆ 4.3 × 0.95 ಮತ್ತು 15 × 0.05 ಕೂಡಿ ಸುಮಾರು 4.8 ಬರುತ್ತದೆ, ಖನಿಜ ತೈಲವಾದ ಲಿಕ್ವಿಡ್ ಪ್ಯಾರಾಫಿನ್‌ನೊಂದಿಗೆ ಈ ಬಗೆಯ ಕ್ರೀಮ್ ಮಾಡಲು ಇದು ಹೊಂದುವ ಸಂಖ್ಯೆಯೇ.

ಆದರೂ ಈ ಲೆಕ್ಕವನ್ನು ಅತಿಯಾಗಿ ನಂಬುವುದು ಸರಿಯಲ್ಲ. ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ಕ್ರೀಮ್ ನಿಲ್ಲುತ್ತದೆ ಎಂಬ ಖಾತರಿಯಿಲ್ಲ. ನೀರಿನ ಹನಿಗಳು ಎಣ್ಣೆಯೊಳಗೆ ಇರುವಾಗ, ನೀರಿನೊಳಗೆ ಎಣ್ಣೆ ಬಗೆಯಲ್ಲಿ ಸಿಗುವ ವಿದ್ಯುದಾವೇಶದ ವಿಕರ್ಷಣೆ ಇಲ್ಲಿ ಹೆಚ್ಚೇನೂ ನೆರವಾಗುವುದಿಲ್ಲ. ಹನಿಯ ಸುತ್ತ ಎಣ್ಣೆಯ ಕಡೆಗೆ ಚಾಚಿಕೊಂಡ ದಪ್ಪನೆಯ ಪದರವೊಂದೇ ಹನಿಗಳನ್ನು ಪರಸ್ಪರ ದೂರವಿಡುವ ಆಧಾರ. ಸೋರ್ಬಿಟಾನ್ ಓಲಿಯೇಟ್‌ನಂಥ ಸಣ್ಣ ಅಣುವಿಗೆ ಆ ಪದರವನ್ನು ಕಟ್ಟುವ ಶಕ್ತಿ ಸೀಮಿತ. ಹಾಗಾಗಿ ಇಂದಿನ ತಯಾರಕರು ಉದ್ದ ಬಾಲದ ಪಾಲಿಮರ್ ಮಾದರಿಯ ಎಮಲ್ಸಿಫೈಯರ್‌ಗಳನ್ನು ಹೆಚ್ಚು ಬಳಸುತ್ತಾರೆ: ಪಾಲಿಗ್ಲಿಸರೈಲ್-2 ಡೈಪಾಲಿಹೈಡ್ರಾಕ್ಸಿಸ್ಟಿಯರೇಟ್, ಪೆಗ್-30 ಡೈಪಾಲಿಹೈಡ್ರಾಕ್ಸಿಸ್ಟಿಯರೇಟ್ ಮುಂತಾದವು. ಇವು ಸಾಮಾನ್ಯವಾಗಿ ಶೇ. 2ರಿಂದ 5ರಷ್ಟು ಸಾಕು. ಬೆಲೆ ಹೆಚ್ಚೆಂದು ಹಿಂಜರಿಯುವವರಿಗೆ ನಮ್ಮ ಅಭಿಪ್ರಾಯ ಸ್ಪಷ್ಟ: ಎಣ್ಣೆಯಲ್ಲಿ, ಸುಗಂಧದಲ್ಲಿ, ಡಬ್ಬಿಯಲ್ಲಿ ಉಳಿತಾಯ ಮಾಡಿರಿ, ಇದರಲ್ಲಿ ಬೇಡ.

ಉಣ್ಣೆಯ ಮೇಣದಿಂದ ಬೇರ್ಪಡಿಸಿದ ಲ್ಯಾನೋಲಿನ್ ಆಲ್ಕೋಹಾಲ್‌ಗಳೂ ಒಳ್ಳೆಯ ಎಮಲ್ಸಿಫೈಯರ್‌ಗಳು. ಜರ್ಮನಿಯ ರಸಾಯನಶಾಸ್ತ್ರಜ್ಞ ಐಸಾಕ್ ಲಿಫ್‌ಶುಟ್ಸ್ ಅಭಿವೃದ್ಧಿಪಡಿಸಿದ ಯೂಸೆರಿಟ್ ಇಂಥದ್ದೇ ವಸ್ತು; ಅದರ ಬಲದಿಂದಲೇ 1911ರಲ್ಲಿ ನೀವಿಯಾ ಕ್ರೀಮ್ ಹೊರಬಂದಿತು. ಶಿರಾ, ಪಾವಗಡ ಕಡೆ ಕುರಿ ಸಾಕಣೆ ಹೆಚ್ಚಿರುವುದರಿಂದ ಉಣ್ಣೆಯ ಮೇಣವನ್ನು ಸ್ಥಳೀಯವಾಗಿಯೇ ಪಡೆಯಬಹುದೇ ಎಂಬ ಪ್ರಶ್ನೆ ಬರುತ್ತದೆ. ಅದನ್ನು ಚರ್ಮಕ್ಕೆ ಹಚ್ಚುವ ಮಟ್ಟಕ್ಕೆ ಶುದ್ಧೀಕರಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಸೌಂದರ್ಯವರ್ಧಕ ದರ್ಜೆಯದನ್ನೇ ಕೊಳ್ಳಬೇಕು. ಕೆಲವರಿಗೆ ಲ್ಯಾನೋಲಿನ್ ಅಲರ್ಜಿ ತರುತ್ತದೆ ಎಂಬುದೂ ನೆನಪಿರಲಿ.

ಸುಣ್ಣದ ತಿಳಿನೀರು ಮತ್ತು ಕೊಬ್ಬರಿ ಎಣ್ಣೆ ಕಲಸಿದರೆ ಕ್ರೀಮಿನಂತೆ ಆಗುತ್ತದೆಯಲ್ಲ, ಅದನ್ನೇ ಬಳಸಬಾರದೇ?

ಅದು ನಿಜಕ್ಕೂ ಎಣ್ಣೆಯೊಳಗೆ ನೀರು ಬಗೆಯ ಎಮಲ್ಷನ್ನೇ (ಒಂದರೊಳಗೊಂದು ಹನಿಯಾಗಿ ಬೆರೆತ ಮಿಶ್ರಣ). ಸುಣ್ಣದ ಕ್ಯಾಲ್ಸಿಯಂ ಎಣ್ಣೆಯಲ್ಲಿರುವ ಬಿಡಿ ಕೊಬ್ಬಿನಾಮ್ಲದೊಂದಿಗೆ ಸೇರಿ ಕ್ಯಾಲ್ಸಿಯಂ ಸಾಬೂನಾಗುತ್ತದೆ. ಸೋಡಿಯಂ ಸಾಬೂನು ನೀರಿನ ಪಕ್ಷ ವಹಿಸಿದರೆ ಕ್ಯಾಲ್ಸಿಯಂ, ಸತು, ಮೆಗ್ನೀಷಿಯಂ ಸಾಬೂನುಗಳು ಎಣ್ಣೆಯ ಪಕ್ಷ ವಹಿಸುತ್ತವೆ. ನಮ್ಮ ಹಳೆಯ ಮನೆಮದ್ದಿನೊಳಗೆ ಈ ರಸಾಯನಶಾಸ್ತ್ರ ಅಡಗಿದೆ. ಆದರೆ ಅದು ಕ್ಷಾರೀಯ, ದಾಸ್ತಾನಿಗೆ ನಿಲ್ಲುವುದಿಲ್ಲ, ಎಣ್ಣೆಯ ಆಮ್ಲಾಂಶ ಬದಲಾದಂತೆ ಪ್ರತಿ ಬಾರಿಯೂ ಬೇರೆಯಾಗುತ್ತದೆ. ಮಾರಾಟದ ಕ್ರೀಮಿಗೆ ಅದು ತಳಹದಿಯಾಗಲಾರದು. ಸುಟ್ಟ ಗಾಯಕ್ಕೆ ಅದನ್ನು ಹಚ್ಚುವ ಬದಲು ತಣ್ಣೀರು ಹರಿಸಿ ಆಸ್ಪತ್ರೆಗೆ ಹೋಗುವುದೇ ಸರಿ. ನೀರಿನಲ್ಲಿ ತುಪ್ಪವನ್ನು ನೂರು ಬಾರಿ ತೊಳೆದು ಮಾಡುವ ಶತಧೌತ ಘೃತದಲ್ಲೂ ತುಪ್ಪ ನೀರನ್ನು ಹಿಡಿದುಕೊಂಡು ಬೆಳ್ಳಗೆ, ಮೃದುವಾಗುತ್ತದೆ. ಅದೂ ಬೇಗ ಕೆಡುವ ವಸ್ತು.

ಸ್ಥಳೀಯವಾಗಿ ಸಿಗುವ ಎಣ್ಣೆಗಳಲ್ಲಿ ಯಾವುದು ಹೊಂದುತ್ತದೆ?

ಈ ಬಗೆಯ ಕ್ರೀಮಿನಲ್ಲಿ ಚರ್ಮವನ್ನು ಮೊದಲು ಮುಟ್ಟುವುದು ಎಣ್ಣೆ. ವಾಸನೆ, ಜಾರುವಿಕೆ, ಬಾಳಿಕೆ ಎಲ್ಲವೂ ಅದರಿಂದಲೇ ನಿರ್ಧಾರವಾಗುವುದರಿಂದ ಪ್ರಶ್ನೆ ಮಹತ್ವದ್ದು.

ತಿಪಟೂರು ಕೊಬ್ಬರಿಯ ಎಣ್ಣೆಯನ್ನೇ ಬಳಸಬೇಕೆಂಬ ಆಸೆ ತುಮಕೂರು ಜಿಲ್ಲೆಯವರಿಗೆ ಸಹಜ. ಕೊಬ್ಬರಿ ಎಣ್ಣೆ ಬೇಗ ಕಮಟುವುದಿಲ್ಲ, ಆ ಲೆಕ್ಕದಲ್ಲಿ ಒಳ್ಳೆಯದು. ತೊಂದರೆ ಇರುವುದು ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೆಪ್ಪುಗಟ್ಟುವುದರಲ್ಲಿ. ಚಳಿಗಾಲದ ರಾತ್ರಿ ಕೋಲಾರದ ಗೋದಾಮಿನಲ್ಲಿ ಗಟ್ಟಿಯಾಗಿ, ಮಧ್ಯಾಹ್ನ ಕರಗಿ, ಮತ್ತೆ ಗಟ್ಟಿಯಾಗುವಾಗ ಕೊಬ್ಬಿನ ಹರಳುಗಳು ನೀರಿನ ಹನಿಯ ಸುತ್ತಲಿನ ಪದರವನ್ನು ಚುಚ್ಚುತ್ತವೆ. ಹನಿಗಳು ಕೂಡಿಕೊಂಡು ನೀರು ಬಿಡುತ್ತದೆ. ಆದ್ದರಿಂದ ಒಟ್ಟು ಎಣ್ಣೆಯಲ್ಲಿ ಅದು ಚಿಕ್ಕ ಪಾಲಷ್ಟೇ ಇರಲಿ.

ಕಡಲೆಕಾಯಿ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆ ದ್ರವವಾಗಿಯೇ ಉಳಿಯುತ್ತವೆ, ಆದರೆ ಬೇಗ ಕಮಟುತ್ತವೆ, ಶೇ. 0.1ರಿಂದ 0.5ರಷ್ಟು ವಿಟಮಿನ್ ಇ ಸೇರಿಸಲೇಬೇಕು. ಗಾಣದಿಂದ ನೇರವಾಗಿ ತಂದ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ, ಲೆಸಿಥಿನ್, ತೇವ ಎಲ್ಲವೂ ಇರುವುದರಿಂದ ಅಡುಗೆಗೆ ಅದು ಶ್ರೇಷ್ಠವಾದರೂ ಕ್ರೀಮಿಗೆ ಶುದ್ಧೀಕರಿಸಿದ ಎಣ್ಣೆಯೇ ಬೇಕು. ಕಡಲೆಕಾಯಿಯ ಅಲರ್ಜಿ ಇರುವವರು ಇರುತ್ತಾರೆಂಬ ಕಾರಣಕ್ಕೆ ಲೇಬಲ್‌ನಲ್ಲಿ ಅದರ ಹೆಸರು ಎದ್ದು ಕಾಣಬೇಕು. ಹರಳೆಣ್ಣೆ ಸ್ವಲ್ಪವಿದ್ದರೆ ಪರವಾಗಿಲ್ಲ. ಹೆಚ್ಚಾದರೆ ಲಿಕ್ವಿಡ್ ಪ್ಯಾರಾಫಿನ್‌ನೊಂದಿಗೆ ಅದು ಬೆರೆಯುವುದಿಲ್ಲ, ಅಂಟೂ ಹೆಚ್ಚುತ್ತದೆ. ಹೊಂಗೆಯೆಣ್ಣೆಯ ಬಣ್ಣ, ಕಹಿ, ವಾಸನೆಗಳನ್ನು ಯಾವ ಸುಗಂಧವೂ ಮುಚ್ಚಲಾರದು. ಅದನ್ನು ದೀಪಕ್ಕೂ ಸಾಬೂನಿಗೂ ಬಿಡುವುದೇ ಲೇಸು.

ನಮಗೆ ಹೆಚ್ಚು ಭರವಸೆಯೆನಿಸುವುದು ಮಾವಿನ ವಾಟೆಯ ಬೆಣ್ಣೆ. ಶ್ರೀನಿವಾಸಪುರದ ಸುತ್ತ ಮಾವಿನ ಕೃಷಿ ವಿಪುಲವಾಗಿದೆ, ತಿರುಳು ತೆಗೆಯುವ ಘಟಕಗಳಲ್ಲಿ ವಾಟೆ ಉಳಿಯುತ್ತದೆ. ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲ ಹೆಚ್ಚಿರುವ ಈ ಕೊಬ್ಬು ಚರ್ಮದ ಶಾಖಕ್ಕೆ ಕರಗುತ್ತದೆ, ಬೇಗ ಕಮಟುವುದಿಲ್ಲ. ಆದರೆ ಅದನ್ನು ತೆಗೆದು ಶುದ್ಧೀಕರಿಸುವುದು ಬೇರೆಯೇ ಉದ್ಯಮ. ಕ್ರೀಮ್ ಮಾಡುವವರು ಶುದ್ಧೀಕೃತ ಬೆಣ್ಣೆಯನ್ನು ಪರೀಕ್ಷಾ ವರದಿಯೊಂದಿಗೆ ಕೊಳ್ಳಬೇಕು.

ಎಲ್ಲ ಸಸ್ಯಜನ್ಯ ಎಣ್ಣೆಗಳಿಗೂ ಅನ್ವಯಿಸುವ ಮಾತೊಂದಿದೆ. ಎಣ್ಣೆ ಹೆಚ್ಚು ಧ್ರುವೀಯವಾದಷ್ಟೂ (ಅಣುವಿನಲ್ಲಿ ನೀರಿನ ಕಡೆ ಒಲವಿನ ಅಂಶ ಹೆಚ್ಚಿದಷ್ಟೂ) ಎಮಲ್ಸಿಫೈಯರ್ ಹನಿಯ ಮೇಲ್ಮೈಯಲ್ಲಿ ನಿಲ್ಲದೆ ಎಣ್ಣೆಯೊಳಗೇ ಕರಗಿ ಕುಳಿತುಕೊಳ್ಳಲು ಬಯಸುತ್ತದೆ. ಆದಕಾರಣ ಕಲಿಯುವ ಹಂತದಲ್ಲಿ ಎಣ್ಣೆಯ ಅರ್ಧದಷ್ಟಾದರೂ ಲಿಕ್ವಿಡ್ ಪ್ಯಾರಾಫಿನ್ ಅಥವಾ ಹಗುರ ಎಸ್ಟರ್ (ಐಸೊಪ್ರೊಪೈಲ್ ಮಿರಿಸ್ಟೇಟ್‌ನಂಥ ತೆಳು ಎಣ್ಣೆ) ಇರುವಂತೆ ನೋಡಿಕೊಂಡು, ಕೈ ಕುದುರಿದ ಮೇಲೆ ಸಸ್ಯಜನ್ಯ ಪಾಲನ್ನು ಹೆಚ್ಚಿಸುತ್ತ ಹೋಗಬಹುದು.

ಚರ್ಮದ ಕ್ರೀಮಿಗೆ ಉಪ್ಪು ಏಕೆ ಹಾಕುತ್ತಾರೆ?

ಶೇ. 0.5ರಿಂದ 1ರಷ್ಟು ಮೆಗ್ನೀಷಿಯಂ ಸಲ್ಫೇಟ್ ಅಥವಾ ಅಡುಗೆ ಉಪ್ಪಿನದೇ ಶುದ್ಧ ರೂಪವಾದ ಸೋಡಿಯಂ ಕ್ಲೋರೈಡ್ ಇಲ್ಲದೆ ಈ ಬಗೆಯ ಕ್ರೀಮ್ ಬಹುಕಾಲ ನಿಲ್ಲುವುದು ಅಪರೂಪ. ಕಾರಣ ಹೀಗಿದೆ. ಹನಿ ಚಿಕ್ಕದಾದಷ್ಟೂ ಅದರೊಳಗಿನ ಒತ್ತಡ ಹೆಚ್ಚು. ಹಾಗಾಗಿ ಚಿಕ್ಕ ಹನಿಯ ನೀರು ನಿಧಾನವಾಗಿ ಎಣ್ಣೆಯ ಮೂಲಕ ಹಾದು ದೊಡ್ಡ ಹನಿಗೆ ಸೇರಿಕೊಳ್ಳುತ್ತದೆ, ಚಿಕ್ಕವು ಕರಗಿ ದೊಡ್ಡವು ಬೆಳೆಯುತ್ತವೆ. ನೀರಿನಲ್ಲಿ ಉಪ್ಪಿದ್ದರೆ, ಉಪ್ಪು ಎಣ್ಣೆಯನ್ನು ದಾಟಲಾರದು. ನೀರು ಹೊರಟಂತೆ ಚಿಕ್ಕ ಹನಿಯಲ್ಲಿ ಉಪ್ಪಿನ ಸಾಂದ್ರತೆ ಏರಿ, ಆಸ್ಮಾಟಿಕ್ ಒತ್ತಡವು ಉಳಿದ ನೀರನ್ನು ಹಿಡಿದು ನಿಲ್ಲಿಸುತ್ತದೆ. ಎಮಲ್ಸಿಫೈಯರ್ ಹನಿಯ ಮೇಲ್ಮೈಯಲ್ಲಿ ಒತ್ತಾಗಿ ಕೂರುವುದಕ್ಕೂ ಉಪ್ಪು ಸಹಾಯಕ. ಲೋಷನ್‌ನಲ್ಲಿ ಗಟ್ಟಿಗೊಳಿಸಲು ಹಾಕುವ ಕಾರ್ಬೋಮರ್ ಜೆಲ್ಲಿಯನ್ನು ನೀರಾಗಿಸುವ ಅದೇ ಉಪ್ಪು ಇಲ್ಲಿ ಆಧಾರಸ್ತಂಭವಾಗುತ್ತದೆ.

ದ್ರಾಕ್ಷಿ, ಟೊಮೆಟೊ ಬೆಳೆಗಾರರ ಮನೆಯಲ್ಲಿ ಗೊಬ್ಬರವಾಗಿ ತಂದಿಟ್ಟ ಮೆಗ್ನೀಷಿಯಂ ಸಲ್ಫೇಟ್ ಚೀಲ ಇದ್ದೇ ಇರುತ್ತದೆ. ಹೆಸರು ಒಂದೇ ಆದರೂ ಅದನ್ನು ಬಳಸಲೇಬಾರದು, ಏಕೆಂದರೆ ಅದರಲ್ಲಿರಬಹುದಾದ ಭಾರಲೋಹಗಳ ಮೇಲೆ ಚರ್ಮದ ವಸ್ತುವಿಗೆ ತಕ್ಕ ಮಿತಿ ಇರುವುದಿಲ್ಲ. ಔಷಧ ದರ್ಜೆಯದು ದುಬಾರಿಯೇನಲ್ಲ.

ಬೋರ್‌ವೆಲ್ ನೀರನ್ನು ಕುದಿಸಿ ಸೋಸಿ ಬಳಸಬಹುದೇ?

ಬೇಡ. ಈ ಮೂರೂ ಜಿಲ್ಲೆಗಳ ಹಲವೆಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಗಡಸುತನವೂ ಫ್ಲೋರೈಡೂ ಹೆಚ್ಚು, ಕುದಿಸಿದರೆ ಗಡಸುತನ ಪೂರ್ತಿ ಹೋಗುವುದಿಲ್ಲ. ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ. ಕಬ್ಬಿಣದ ಅಂಶ ಎಣ್ಣೆಯನ್ನು ಬೇಗ ಕಮಟಿಸುತ್ತದೆ. ಉಪ್ಪು ಹೇಗೂ ಬೇಕಲ್ಲ ಎಂಬ ವಾದ ಕೇಳಿಬರುತ್ತದೆ, ಆದರೆ ಬೇಕಾಗಿರುವುದು ಅಳತೆ ಗೊತ್ತಿರುವ ಉಪ್ಪು. ಡಿಸ್ಟಿಲ್ಡ್ ಅಥವಾ ಡಿಅಯನೈಸ್ಡ್ ನೀರನ್ನೇ ಬಳಸಿ, ತೆರೆದ ಕ್ಯಾನನ್ನು ದಿನಗಟ್ಟಲೆ ಇಡಬೇಡಿರಿ.

ಆರಂಭಿಸಲು ಒಂದು ಮಾದರಿ ಸೂತ್ರ ಕೊಡಬಹುದೇ?

ನೀರಿನ ಕೆಲಸ ಮಾಡುವವರ ಕೈಗಾಗಿ ಒಂದು ಕಿಲೋ ಕ್ರೀಮಿನ ಲೆಕ್ಕ ಇಲ್ಲಿದೆ. ಎಣ್ಣೆಯ ಭಾಗಕ್ಕೆ ಪಾಲಿಗ್ಲಿಸರೈಲ್-2 ಡೈಪಾಲಿಹೈಡ್ರಾಕ್ಸಿಸ್ಟಿಯರೇಟ್ 35 ಗ್ರಾಂ, ಹಗುರ ಲಿಕ್ವಿಡ್ ಪ್ಯಾರಾಫಿನ್ 100 ಗ್ರಾಂ, ಕ್ಯಾಪ್ರಿಲಿಕ್-ಕ್ಯಾಪ್ರಿಕ್ ಟ್ರೈಗ್ಲಿಸರೈಡ್ 60 ಗ್ರಾಂ, ಐಸೊಪ್ರೊಪೈಲ್ ಮಿರಿಸ್ಟೇಟ್ 40 ಗ್ರಾಂ, ಮಾವಿನ ವಾಟೆಯ ಬೆಣ್ಣೆ 20 ಗ್ರಾಂ, ಜೇನುಮೇಣ 15 ಗ್ರಾಂ, ಜಿಂಕ್ ಸ್ಟಿಯರೇಟ್ 10 ಗ್ರಾಂ ಮತ್ತು ವಿಟಮಿನ್ ಇ 3 ಗ್ರಾಂ. ನೀರಿನ ಭಾಗಕ್ಕೆ ಡಿಅಯನೈಸ್ಡ್ ನೀರು 649 ಗ್ರಾಂ, ಗ್ಲಿಸರಿನ್ 50 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ 8 ಗ್ರಾಂ, ಫಿನಾಕ್ಸಿಇಥನಾಲ್ ಮತ್ತು ಇಥೈಲ್‌ಹೆಕ್ಸೈಲ್‌ಗ್ಲಿಸರಿನ್‌ಗಳ ಸಿದ್ಧ ಮಿಶ್ರಣ (ಕ್ರೀಮ್ ಕೆಡದಂತೆ ಕಾಯುವ ಪ್ರಿಸರ್ವೇಟಿವ್) 10 ಗ್ರಾಂ. ಒಟ್ಟು 1000 ಗ್ರಾಂ. ಎಲ್ಲವನ್ನೂ ತೂಕದಲ್ಲಿಯೇ ಅಳೆಯಬೇಕು. ಚಮಚ, ಲೋಟಗಳ ಲೆಕ್ಕ ಇಲ್ಲಿ ನಡೆಯದು. ಇದು ಕಲಿಕೆಯ ಸೂತ್ರ. ನಿಮ್ಮ ಸರಬರಾಜುದಾರರ ವಸ್ತುವಿಗೆ ತಕ್ಕಂತೆ ಪರೀಕ್ಷಿಸದೆ ಇದನ್ನು ಮಾರಾಟಕ್ಕೆ ಇಳಿಸಬಾರದು.

ತಯಾರಿಸುವ ಕ್ರಮ ಯಾವುದು?

ಜಿಂಕ್ ಸ್ಟಿಯರೇಟ್ ಈ ಶಾಖದಲ್ಲಿ ಪೂರ್ತಿ ಕರಗುವುದಿಲ್ಲ. ಮೊದಲು ಸ್ವಲ್ಪ ಪ್ಯಾರಾಫಿನ್‌ನಲ್ಲಿ ಗಂಟಿಲ್ಲದಂತೆ ಅರೆದು, ಬಳಿಕ ವಿಟಮಿನ್ ಇ ಒಂದನ್ನು ಬಿಟ್ಟು ಉಳಿದ ಎಣ್ಣೆಯ ಭಾಗದೊಂದಿಗೆ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು 75ರಿಂದ 80 ಡಿಗ್ರಿಗೆ ತನ್ನಿರಿ. ಪ್ರಿಸರ್ವೇಟಿವ್ ಸೇರಿದಂತೆ ನೀರಿನ ಭಾಗವನ್ನು ಬೇರೆ ಮುಚ್ಚಿದ ಪಾತ್ರೆಯಲ್ಲಿ ಅಷ್ಟೇ ಬಿಸಿ ಮಾಡಿರಿ. ಎರಡರ ಶಾಖವೂ ಸಮೀಪವಿರಬೇಕು. ತಣ್ಣನೆಯ ನೀರು ಬಿದ್ದರೆ ಜೇನುಮೇಣ ಅಲ್ಲಲ್ಲೇ ಹರಳುಗಟ್ಟುತ್ತದೆ.

ಮುಂದಿನ ಹೆಜ್ಜೆಯೇ ನಿರ್ಣಾಯಕ. ನೀರನ್ನು ಎಣ್ಣೆಗೆ ಹಾಕಬೇಕು, ಎಣ್ಣೆಯನ್ನು ನೀರಿಗಲ್ಲ. ಮತ್ತು ಅದನ್ನು ಸಣ್ಣ ಧಾರೆಯಾಗಿ, ಕಲಕುವಿಕೆ ನಿಲ್ಲದಂತೆ ಹಾಕಬೇಕು. ಮೊದಲ ಕಾಲುಭಾಗ ನೀರು ಹೋಗುವಾಗ ಹೆಚ್ಚು ಎಚ್ಚರ ಬೇಕು, ಏಕೆಂದರೆ ಆಗ ಮಿಶ್ರಣ ತೆಳ್ಳಗಿದ್ದು ಹನಿಗಳು ದೊಡ್ಡವಾಗಿಯೇ ಉಳಿಯುತ್ತವೆ. ಹಾಕಿದ ನೀರು ಪೂರ್ತಿ ಒಳಸೇರಿ, ಮೇಲ್ಮೈ ನಯವಾಗುವವರೆಗೆ ಮುಂದಿನ ಧಾರೆ ಬೇಡ. ಅವಸರದಲ್ಲಿ ಸುರಿದರೆ ಎಮಲ್ಷನ್ ತಿರುವಿಕೊಂಡು ನೀರಿನೊಳಗೆ ಎಣ್ಣೆಯಾಗುತ್ತದೆ, ಇಲ್ಲವೇ ಎರಡೂ ಬಗೆ ಬೆರೆತ ಅಸ್ಥಿರ ವಸ್ತುವಾಗುತ್ತದೆ. ಹಾಗಾದ ಮೇಲೆ ಎಷ್ಟು ಕಲಕಿದರೂ ಸುಲಭಕ್ಕೆ ಹಿಂದಿರುಗದು.

ಎಲ್ಲ ನೀರೂ ಸೇರಿದ ಮೇಲೆ ಹೋಮೊಜಿನೈಸರ್ (ಹನಿಗಳನ್ನು ಒಡೆದು ಚಿಕ್ಕದಾಗಿಸುವ ಯಂತ್ರ) ಓಡಿಸಿ, ನಿಧಾನ ಕಲಕುತ್ತಲೇ ತಣಿಸಿ, 40 ಡಿಗ್ರಿಗಿಂತ ಕೆಳಗೆ ವಿಟಮಿನ್ ಇ ಮತ್ತು ಸುಗಂಧವಿದ್ದರೆ ಸುಗಂಧ ಸೇರಿಸಿ, ಮತ್ತೊಮ್ಮೆ ಸ್ವಲ್ಪ ಹೊತ್ತು ಹೋಮೊಜಿನೈಸ್ ಮಾಡಿರಿ. ಹನಿಗಳು ಕೆಲವೇ ಮೈಕ್ರೋಮೀಟರ್ ಗಾತ್ರಕ್ಕೆ ಇಳಿಯಬೇಕು. ಅಡುಗೆಮನೆಯ ಹ್ಯಾಂಡ್ ಬ್ಲೆಂಡರ್‌ನಿಂದ ಪ್ರಯೋಗ ಮಾಡಬಹುದು, ಆದರೆ ಅದರ ತಲೆಯನ್ನು ಮೇಲೆತ್ತಿದರೆ ಗಾಳಿ ಸೇರುತ್ತದೆ. ಬಿಸಿಯಲ್ಲಿ ಆವಿಯಾದ ನೀರಿನ ತೂಕವನ್ನು ಮುಂಚಿತವಾಗಿ ಅಂದಾಜಿಸಿ ನೀರಿನ ಭಾಗಕ್ಕೆ ಸೇರಿಸಿಕೊಂಡಿರಬೇಕು. ಪಾತ್ರೆ ತೊಳೆದ ಸೋಪಿನ ಪುಡಿ, ಡಿಶ್‌ವಾಷ್ ದ್ರವಗಳ ಶೇಷ ಉಳಿದಿದ್ದರೆ ಅದು ನೀರಿನ ಪಕ್ಷದ ಎಮಲ್ಸಿಫೈಯರ್ ಆಗಿ ಕೆಲಸ ಕೆಡಿಸುತ್ತದೆ. ಕಾರಣ ತಿಳಿಯದೆ ಒಡೆಯುವ ಎಷ್ಟೋ ಬ್ಯಾಚ್‌ಗಳ ಹಿಂದೆ ಸರಿಯಾಗಿ ಗಲಬರಿಸದ ಪಾತ್ರೆ ಇರುತ್ತದೆ.

ಕ್ರೀಮ್ ತೆಳ್ಳಗಾಗಿದೆ. ನೀರು ಕಡಿಮೆ ಮಾಡಬೇಕೇ?

ಇಲ್ಲ, ನೀರು ಹೆಚ್ಚಿಸಬೇಕು. ಲೋಷನ್ ಮಾಡಿ ಅಭ್ಯಾಸವಿರುವವರಿಗೆ ಇದು ವಿಚಿತ್ರವೆನಿಸುತ್ತದೆ, ಆದರೆ ಇಲ್ಲಿ ನೀರಿನ ಹನಿಗಳು ಒಂದಕ್ಕೊಂದು ಒತ್ತಿಕೊಂಡಷ್ಟೂ ಕ್ರೀಮ್ ಗಟ್ಟಿ. ಒಂದೇ ಗಾತ್ರದ ಗೋಲಗಳನ್ನು ಹೆಚ್ಚೆಂದರೆ ಶೇ. 74ರಷ್ಟು ಜಾಗ ತುಂಬುವಂತೆ ಜೋಡಿಸಬಹುದು; ಆ ಮಿತಿಯ ಹತ್ತಿರ ಹೋದಂತೆ ಕ್ರೀಮ್ ಬಹಳ ಗಟ್ಟಿಯಾಗುತ್ತದೆ, ಅದನ್ನು ಮೀರಿಸಲು ವಿಶೇಷ ಎಮಲ್ಸಿಫೈಯರ್ ಬೇಕು. ಹೋಮೊಜಿನೈಸರ್ ಇನ್ನಷ್ಟು ಓಡಿಸಿ ಹನಿಯನ್ನು ಚಿಕ್ಕದಾಗಿಸಿದರೂ ಗಟ್ಟಿಯಾಗುತ್ತದೆ. ಮೇಣವನ್ನು ಒಟ್ಟು ತೂಕದ ಶೇ. 0.5ರಷ್ಟು ಹೆಚ್ಚಿಸುವುದು ಮೂರನೆಯ ದಾರಿ. ಅದಕ್ಕಿಂತ ಹೆಚ್ಚಾದರೆ ಕೈಗೆ ಎಳೆಯುವಂತಾಗುತ್ತದೆ. ನೀರಿನ ಭಾಗಕ್ಕೆ ಜ್ಯಾಂಥನ್ ಗಮ್ ಹಾಕಿ ಗಟ್ಟಿ ಮಾಡುವ ಪ್ರಯತ್ನ ವ್ಯರ್ಥ. ಗಟ್ಟಿಯಾಗುವುದು ಹನಿಯ ಒಳಭಾಗ ಮಾತ್ರ.

ಮಾಡಿದ್ದು ನಿಜಕ್ಕೂ ಎಣ್ಣೆಯೊಳಗೆ ನೀರು ಬಗೆಯೇ ಎಂದು ತಿಳಿಯುವುದು ಹೇಗೆ?

ಲೋಟ ನೀರಿಗೆ ಸ್ವಲ್ಪ ಕ್ರೀಮ್ ಹಾಕಿ ಕಲಕಿರಿ: ಹಾಲಿನಂತೆ ಹರಡಿಕೊಂಡರೆ ತಿರುವಿಕೊಂಡಿದೆ, ಗಂಟಾಗಿ ಹಾಗೆಯೇ ತೇಲಿದರೆ ಸರಿಯಿದೆ. ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಕಲಕಿದಾಗ ಹರಡಿಕೊಳ್ಳಬೇಕು. ವಿದ್ಯುತ್ ವಾಹಕತೆಯ ಮೀಟರ್ ಇದ್ದರೆ ಅದೇ ಖಚಿತ ಸಾಧನ. ಒಳಗೆ ಉಪ್ಪುನೀರಿದ್ದರೂ ಹೊರಗೆ ಎಣ್ಣೆಯಿರುವುದರಿಂದ ಸೊನ್ನೆಯ ಸಮೀಪ ತೋರಿಸಬೇಕು.

ಕೆಲವು ದಿನಗಳ ಮೇಲೆ ಡಬ್ಬಿಯಲ್ಲಿ ದ್ರವ ಕಾಣಿಸಿಕೊಂಡರೆ?

ಮೊದಲು ಆ ದ್ರವ ಎಣ್ಣೆಯೋ ನೀರೋ ನೋಡಬೇಕು. ಮೇಲ್ಭಾಗದಲ್ಲಿ ತಿಳಿಯಾದ ಎಣ್ಣೆ ನಿಂತಿದ್ದರೆ ನೀರಿನ ಹನಿಗಳು ತೂಕಕ್ಕೆ ಕೆಳಗಿಳಿದಿವೆ, ಹನಿಗಳು ಒಡೆದಿಲ್ಲ ಎಂದರ್ಥ. ಮೇಣ ಅಥವಾ ಜಿಂಕ್ ಸ್ಟಿಯರೇಟ್ ಸ್ವಲ್ಪ ಹೆಚ್ಚಿಸಿ ಎಣ್ಣೆಯನ್ನು ಗಟ್ಟಿ ಮಾಡಿದರೆ, ಅಥವಾ ಹನಿಯನ್ನು ಚಿಕ್ಕದಾಗಿಸಿದರೆ ಸರಿಹೋಗುತ್ತದೆ. ತಳದಲ್ಲಿ ನೀರು ಕಂಡರೆ ಹನಿಗಳು ಒಡೆದು ಕೂಡಿಕೊಂಡಿವೆ. ಎಮಲ್ಸಿಫೈಯರ್ ಸಾಲದು, ಉಪ್ಪು ಮರೆತಿದೆ, ಎಣ್ಣೆ ಅತಿ ಧ್ರುವೀಯವಾಗಿದೆ ಅಥವಾ ಚಳಿಗೆ ಹರಳುಗಟ್ಟಿದೆ, ಈ ನಾಲ್ಕರಲ್ಲಿ ಒಂದು ಕಾರಣ ಸಾಮಾನ್ಯವಾಗಿ ಇರುತ್ತದೆ. ಅಂಥ ಬ್ಯಾಚನ್ನು ಮತ್ತೆ ಬಿಸಿ ಮಾಡಿ ಕಲಕಿ ಮಾರುವುದು ಸಲ್ಲದು.

ನೀರು ಎಣ್ಣೆಯೊಳಗೆ ಬಂಧಿಯಾಗಿರುವಾಗ ಪ್ರಿಸರ್ವೇಟಿವ್ ಬೇಕೇ?

ಬೇಕು. ಸೂಕ್ಷ್ಮಜೀವಿಗಳಿಗೆ ಇಲ್ಲಿ ಬೆಳೆಯಲು ಅನುಕೂಲ ಕಡಿಮೆ ಎಂಬುದು ನಿಜ, ಏಕೆಂದರೆ ಒಂದು ಹನಿಯಿಂದ ಇನ್ನೊಂದಕ್ಕೆ ಅವು ದಾಟಲಾರವು. ಆದರೆ ಬಿಸಿಯಿದ್ದಾಗಲೇ ಡಬ್ಬಿ ಮುಚ್ಚಿದರೆ ಮುಚ್ಚಳದ ಒಳಗೆ ಆವಿ ನೀರಾಗಿ ಕ್ರೀಮಿನ ಮೇಲೆ ಬೀಳುತ್ತದೆ; ಒದ್ದೆ ಬೆರಳು ಅದ್ದಿದಾಗಲೂ ಅಷ್ಟೇ. ಆ ತೇವದಲ್ಲಿ ಬೂಸಲು ಬೆಳೆಯಲು ಯಾವ ಅಡ್ಡಿಯೂ ಇಲ್ಲ. ಇನ್ನೊಂದು ತೊಡಕು, ಪ್ರಿಸರ್ವೇಟಿವ್‌ನ ಒಂದು ಪಾಲು ಎಣ್ಣೆಗೆ ಜಾರಿಹೋಗಿ ನೀರಿನಲ್ಲಿ ಅದರ ಬಲ ಕುಗ್ಗುತ್ತದೆ. ಫಿನಾಕ್ಸಿಇಥನಾಲ್‌ನ ಮಿತಿ ಶೇ. 1, ಮೇಲಿನ ಸೂತ್ರ ಆ ಮಿತಿಯೊಳಗಿದೆ. ಸೋಡಿಯಂ ಬೆಂಜೋಯೇಟ್ ಬಳಸುವವರು ನೀರಿನ ಭಾಗದ ಪಿಎಚ್ ಸುಮಾರು 5ಕ್ಕಿಂತ ಮೇಲೇರದಂತೆ ನೋಡಿಕೊಳ್ಳಬೇಕು. ಪಿಎಚ್ ಅನ್ನು ಎಣ್ಣೆಗೆ ಸೇರಿಸುವ ಮೊದಲೇ ಅಳೆಯಿರಿ. ಸಿದ್ಧ ಕ್ರೀಮಿಗೆ ನೇರವಾಗಿ ಎಲೆಕ್ಟ್ರೋಡ್ ಅದ್ದಿದರೆ ಬರುವ ಅಂಕಿಗೆ ಅರ್ಥವಿಲ್ಲ.

ರೇಷ್ಮೆಯ ಸೆರಿಸಿನ್, ಲೋಳೆಸರ, ಅರಿಶಿನ ಸೇರಿಸಬಹುದೇ?

ರೇಷ್ಮೆ ಎಳೆಯ ಅಂಟು ಪ್ರೋಟೀನೇ ಸೆರಿಸಿನ್. ಪುಡಿ ರೂಪದ ಹೈಡ್ರೊಲೈಸ್ಡ್ (ಸಣ್ಣ ತುಣುಕುಗಳಾಗಿ ಒಡೆದ) ಸೆರಿಸಿನ್ ನೀರಿನ ಭಾಗದಲ್ಲಿ ಕರಗುತ್ತದೆ. ಸಣ್ಣ ಪ್ರಮಾಣದಲ್ಲಿ ಸೇರಿಸಬಹುದು. ಬಿಚ್ಚಾಣಿಕೆ ಬೇಸಿನ್‌ನ ನೀರಿನಲ್ಲಿ ಸೆರಿಸಿನ್ ಇದೆ ಎಂದು ಅದನ್ನೇ ತಂದು ಸೇರಿಸುವುದು ಅಪಾಯಕರ, ಅದರಲ್ಲಿ ಕೊಳೆತ ಪ್ಯೂಪಾದ ಅಂಶವೂ ಇರುತ್ತದೆ. ತೋಟದ ತಾಜಾ ಲೋಳೆಸರ ಬೇಗ ಕೊಳೆಯುತ್ತದೆ, ಸಂರಕ್ಷಿಸಿದ ಸಾರವನ್ನೇ ಬಳಸಿರಿ. ಅರಿಶಿನ ಬಟ್ಟೆಗೆ ಕಲೆ ಮಾಡುತ್ತದೆ, ಬೆಳಕಿಗೆ ಬಣ್ಣ ಕಳೆದುಕೊಳ್ಳುತ್ತದೆ. ಮಾರಾಟದ ಮಾತಿಗಾಗಿಯಲ್ಲದೆ ಬೇರೆ ಕಾರಣಕ್ಕೆ ಸೇರಿಸುವ ಅಗತ್ಯ ನಮಗೆ ಕಂಡಿಲ್ಲ. ಯಾವುದನ್ನೇ ಸೇರಿಸಿದರೂ ಬಾಳಿಕೆ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು.

ಜಿಡ್ಡನ್ನು ಕಡಿಮೆ ಮಾಡಲು ಉಪಾಯವಿದೆಯೇ?

ದಪ್ಪ ಎಣ್ಣೆಯ ಒಂದು ಪಾಲಿನ ಬದಲು ಹಗುರ ಎಸ್ಟರ್‌ಗಳನ್ನೋ ಬೇಗ ಆರುವ ಸಿಲಿಕೋನ್ ದ್ರವವನ್ನೋ ಹಾಕಿ, ನೀರನ್ನು ಶೇ. 70ರವರೆಗೆ ಏರಿಸಿದರೆ ಸಾಕಷ್ಟು ಹಗುರವಾಗುತ್ತದೆ. ಸಿಲಿಕೋನ್ ಪಾಲು ಹೆಚ್ಚಿದರೆ ಎಮಲ್ಸಿಫೈಯರ್ ಕೂಡ ಸಿಲಿಕೋನ್ ಜಾತಿಯದೇ ಬೇಕು. ಶೇ. 1ರಿಂದ 2ರಷ್ಟು ಸಿಲಿಕಾ ಪುಡಿ ಹಚ್ಚಿದ ಮೇಲಿನ ಹೊಳಪನ್ನು ತಗ್ಗಿಸುತ್ತದೆ.

ಬಾಳಿಕೆಯನ್ನು ಹೇಗೆ ಪರೀಕ್ಷಿಸುವುದು?

ಸೆಂಟ್ರಿಫ್ಯೂಜ್ ಇದ್ದರೆ ನಿಮಿಷಕ್ಕೆ 3000 ಸುತ್ತಿನಂತೆ ಅರ್ಧ ಗಂಟೆ ತಿರುಗಿಸಿ ನೋಡುವುದು ಮೊದಲ ಜರಡಿ. ಬಳಿಕ ಕೆಲವು ಡಬ್ಬಿಗಳನ್ನು 40 ಮತ್ತು 45 ಡಿಗ್ರಿಯಲ್ಲಿ, ಕೆಲವನ್ನು ಫ್ರಿಜ್ಜಿನಲ್ಲಿ, ಕೆಲವನ್ನು ಕೊಠಡಿಯಲ್ಲಿ ಮೂರು ತಿಂಗಳಾದರೂ ಇಟ್ಟು, ನಡುನಡುವೆ ಬಣ್ಣ, ವಾಸನೆ, ಗಟ್ಟಿತನ, ತೂಕ ಬರೆದಿಡಬೇಕು. ಚಳಿ ಮತ್ತು ಶಾಖಗಳ ನಡುವೆ ಡಬ್ಬಿಯನ್ನು ದಿನ ಬಿಟ್ಟು ದಿನ ಬದಲಿಸುವ ಪರೀಕ್ಷೆಯನ್ನು ಈ ಬಗೆಗೆ ಬಿಡಲೇಬಾರದು. ಭಾರತೀಯ ಮಾನಕ ಐಎಸ್ 6608 ಚರ್ಮದ ಕ್ರೀಮ್‌ಗಳಿಗೆ 45 ಡಿಗ್ರಿಯಲ್ಲಿ 48 ಗಂಟೆ ಒಡೆಯದಿರುವುದನ್ನೂ, 4ರಿಂದ 9ರೊಳಗಿನ ಪಿಎಚ್ ಅನ್ನೂ, ಭಾರಲೋಹ ಮತ್ತು ಆರ್ಸೆನಿಕ್ ಮಿತಿಗಳನ್ನೂ ಹೇಳುತ್ತದೆ. ನಮ್ಮ ದೃಷ್ಟಿಯಲ್ಲಿ 48 ಗಂಟೆ ತೀರ ಕಡಿಮೆ: ತಗಡಿನ ಶೀಟಿನ ಅಂಗಡಿಯಲ್ಲಿ ಮೇ ತಿಂಗಳಿಡೀ ಕೂರುವ ಡಬ್ಬಿ ಅದಕ್ಕಿಂತ ಹೆಚ್ಚನ್ನು ಸಹಿಸಬೇಕಾಗುತ್ತದೆ.

ಮನೆಯಲ್ಲಿ ಮಾಡಿ ಸಂತೆಯಲ್ಲಿ, ಮೇಳದಲ್ಲಿ ಮಾರಲು ಪರವಾನಗಿ ಬೇಕೇ?

ಬೇಕು. ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, 1940 ಹಾಗೂ ಸೌಂದರ್ಯವರ್ಧಕ ನಿಯಮಗಳು, 2020ರ ಅಡಿಯಲ್ಲಿ, ಮಾರಾಟಕ್ಕಾಗಿ ಕ್ರೀಮ್ ತಯಾರಿಸಲು ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಅನುಮತಿ ಪಡೆಯಬೇಕು. ಅರ್ಜಿ ಸಿಒಎಸ್-5 ನಮೂನೆಯಲ್ಲಿ, ಪರವಾನಗಿ ಸಿಒಎಸ್-8 ನಮೂನೆಯಲ್ಲಿ ಇರುತ್ತದೆ. ಸ್ವಂತ ಘಟಕ ಕಟ್ಟುವ ಶಕ್ತಿಯಿಲ್ಲದವರು ಪರವಾನಗಿಯುಳ್ಳ ಬೇರೆಯವರ ಘಟಕದಲ್ಲಿ ತಮ್ಮ ಸೂತ್ರದ ಕ್ರೀಮ್ ಮಾಡಿಸಿಕೊಳ್ಳಲು ಲೋನ್ ಲೈಸೆನ್ಸ್‌ನ ಅವಕಾಶವಿದೆ. ವಸಂತನರಸಾಪುರದಲ್ಲೋ ನರಸಾಪುರದಲ್ಲೋ ಶೆಡ್ ಬಾಡಿಗೆ ಹಿಡಿಯುವ ಮೊದಲು ಸಂಘಗಳು ಈ ದಾರಿಯನ್ನು ಗಂಭೀರವಾಗಿ ಯೋಚಿಸಬೇಕು. ಒಡಕು ವಾಸಿ ಮಾಡುತ್ತದೆ, ಇಸುಬು ಗುಣಪಡಿಸುತ್ತದೆ ಎಂದು ಲೇಬಲ್‌ನಲ್ಲಿ ಬರೆದ ಕೂಡಲೇ ಅದು ಸೌಂದರ್ಯವರ್ಧಕವಾಗಿ ಉಳಿಯದೆ ಔಷಧದ ನಿಯಮಕ್ಕೆ ಒಳಪಡುತ್ತದೆ.

ಯಾವ ಡಬ್ಬಿ ಅಥವಾ ಟ್ಯೂಬ್ ಒಳ್ಳೆಯದು?

ಅಗಲ ಬಾಯಿಯ ಡಬ್ಬಿಗಿಂತ ಟ್ಯೂಬ್ ಒಳ್ಳೆಯದು, ಒದ್ದೆ ಕೈಯವರೇ ಬಳಸುವ ಕ್ರೀಮಿಗಂತೂ ಖಂಡಿತ. ಪ್ಯಾರಾಫಿನ್‌ನಂಥ ಎಣ್ಣೆಗಳು ತೆಳುವಾದ ಪಾಲಿಥಿನ್‌ನೊಳಗೆ ಇಳಿದು ಅದನ್ನು ಉಬ್ಬಿಸುತ್ತವೆ, ಹೊರಮೈ ಜಿಡ್ಡಾಗಿ ಲೇಬಲ್ ಕಳಚುತ್ತದೆ. ಹಲವು ಪದರಗಳ ಲ್ಯಾಮಿನೇಟ್ ಟ್ಯೂಬ್ ಅಥವಾ ಒಳಲೇಪವಿರುವ ಅಲ್ಯೂಮಿನಿಯಂ ಟ್ಯೂಬ್ ಸೂಕ್ತ. ಬಾಳಿಕೆ ಪರೀಕ್ಷೆಗೆ ಗಾಜಿನ ಬಾಟಲಿಯ ಜೊತೆಗೆ ಮಾರುಕಟ್ಟೆಗೆ ಹೋಗುವ ಅದೇ ಟ್ಯೂಬನ್ನೂ ಇಟ್ಟು, ತಲೆಕೆಳಗಾಗಿ ನಿಲ್ಲಿಸಿದಾಗ ಮುಚ್ಚಳದ ಸಂದಿಯಲ್ಲಿ ಎಣ್ಣೆ ಜಿನುಗುತ್ತದೆಯೇ ಎಂದು ನೋಡಿ, ಆ ಮೇಲೆಯೇ ಸಗಟು ಖರೀದಿಗೆ ಮುಂಗಡ ಕೊಡಿರಿ.